ಮಂಡಿಗೆ ತಕ್ಕಡಿಯ ತೀರ್ಪೆ?

ವಿಜಯನಗರದ ಮೆಟ್ರೋ ನಿಲ್ದಾಣದ ಮೆಟ್ಟಿಲುಗಳನ್ನು ಮಂಡಿ ಹಿಡಿದುಕೊಂಡು ಏರುವ ಹಿರಿಯರನ್ನು ನಾವು ಕಾಣುತ್ತೇವೆ. ಅವರಲ್ಲಿ ಕೆಲವರಿಗೆ ಸವೆದ ಕೀಲನ್ನು ಬದಲಿಸುವುದೊಂದೇ ಉಪಾಯ. ಆದರೆ ದೇಹ ಸ್ಥೂಲವಾಗಿದ್ದರೆ ಶಸ್ತ್ರಚಿಕಿತ್ಸೆ ಮಾಡಬಹುದೆ?

ಅಪಾಯವಿರುವುದು ನಿಜ. ದಪ್ಪನಾದ ಕೊಬ್ಬಿನ ಪದರಕ್ಕೆ ರಕ್ತದ ಪೂರೈಕೆ ಕಡಿಮೆ. ಆದುದರಿಂದ ಗಾಯ ಮಾಯುವುದು ತಡವಾಗುತ್ತದೆ, ನಂಜೇರುವ ಸಂಭವ ಹೆಚ್ಚುತ್ತದೆ. ಕಿಲೋಗ್ರಾಮುಗಳಲ್ಲಿ ಅಳೆದ ತೂಕವನ್ನು ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ಸೂಚ್ಯಂಕವು 40ನ್ನು ಮೀರಿದವರಿಗೆ ಚಿಕಿತ್ಸೆಯನ್ನು ಮುಂದೂಡುವ ವಿಚಾರ ಮಾಡಬೇಕೆಂದು 2013ರಲ್ಲಿ ಅಮೆರಿಕದ ಕೀಲು ಶಸ್ತ್ರವೈದ್ಯರು ಹೇಳಿದ್ದರು. 2023ರಲ್ಲಿ ಅವರೇ ಸಂಧಿವಾತ ತಜ್ಞರೊಡಗೂಡಿ, ತೂಕದ ಗಡಿಯೊಂದನ್ನೇ ಕಾರಣಮಾಡಿ ತಡಮಾಡಬಾರದೆಂದೂ, ಹತೋಟಿ ತಪ್ಪಿದ ಮಧುಮೇಹವನ್ನು ಮೊದಲು ಸರಿಪಡಿಸುವುದು ಲೇಸೆಂದೂ ಸಲಹೆಯಿತ್ತರು.

ಇದೇ ಯುಕ್ತವೆಂದು ನಮ್ಮ ಅಭಿಪ್ರಾಯ. ನಡೆಯಲಾರದವರಿಗೆ ‘ನಡೆದು ತೂಕ ಇಳಿಸಿಕೊಂಡು ಬನ್ನಿ’ ಎನ್ನುವುದು ನ್ಯಾಯವಲ್ಲ. ತೂಕ ಇಳಿದಷ್ಟೂ ಹಿತವೇ ಸರಿ: ದೇಹದಲ್ಲಿ 1 ಕಿಲೋ ಇಳಿದರೆ, ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ಆದರೆ ಅದು ಚಿಕಿತ್ಸೆಗೆ ನೆರವಾಗಬೇಕು, ಬಾಗಿಲಿಗೆ ಅಗುಳಿಯಾಗಬಾರದು. ವಿದ್ಯಾರ್ಥಿಮಿತ್ರರು ಮನೆಯ ಹಿರಿಯರ ತೂಕವನ್ನು ಹಳಿಯದೆ, ಅವರೊಡನೆ ವೈದ್ಯರಲ್ಲಿಗೆ ಹೋಗಿ ಲಾಭಾಪಾಯಗಳೆರಡನ್ನೂ ಕೇಳಿ ತಿಳಿಯಲಿ.