ವಿಮಾನದ ಮಾತು ಕೇಳುವ ಪೆಟ್ಟಿಗೆ, ನೆರೆಯವರ ಕೂಗು ತಲುಪದ ಕಣಿವೆ

ಮೊಬೈಲ್ ಗೋಪುರಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತು ಹೋದರೆ ಡೀಸೆಲ್ ಬೇಕು. ಡೀಸೆಲ್ ಬರಬೇಕಾದರೆ ರಸ್ತೆ ಬೇಕು. ಗುಡ್ಡ ಜಾರಿದ ದಿನ ಈ ಮೂರೂ ಒಟ್ಟಿಗೇ ಕೈಕೊಡುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಕುಸಿದಾಗಲೂ, 2024ರ ಜುಲೈ 30ರ ನಸುಕಿನಲ್ಲಿ ಗಡಿಯಾಚೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದಾಗಲೂ ಸಂಪರ್ಕ ಕಡಿದುಹೋದ ಕಣಿವೆಯ ಪಾಡನ್ನು ಇಡೀ ಘಟ್ಟಸೀಮೆ ಕಂಡಿದೆ. ಆದ್ದರಿಂದ ಮಳೆಗಾಲಕ್ಕೆ ಮುನ್ನ ಊರಿಗೆ ಎರಡಾದರೂ ವಾಕಿಟಾಕಿ ಇರಲಿ ಎಂದು ಹಳ್ಳಿಯ ಯುವಕರು ಯೋಚಿಸಿದರೆ ಅದು ಸಹಜ, ನ್ಯಾಯವೂ ಹೌದು. ಮೋಸ ಆರಂಭವಾಗುವುದು ಅಂಗಡಿಯಲ್ಲಿ.

ಮಾರಾಟಗಾರ ಅಲ್ಲಿ ಎತ್ತಿ ಹೇಳುವ ಗುಣ ಒಂದಿದೆ: ‘ಇದರಲ್ಲಿ ವಿಮಾನದ ಮಾತೂ ಕೇಳಿಸುತ್ತದೆ.’ ಈ ಒಂದು ವಾಕ್ಯಕ್ಕೆ ಮರುಳಾಗಿ ಸೆಟ್ಟು ಕೊಳ್ಳುವವನ ಸ್ಥಿತಿ, ಪೊಟ್ಟಣದ ಮೇಲಿನ ಬಣ್ಣದ ಚಿತ್ರ ನೋಡಿ ಬಿತ್ತನೆ ಬೀಜ ಕೊಂಡ ರೈತನ ಸ್ಥಿತಿಗಿಂತ ಭಿನ್ನವಲ್ಲ. ಬೀಜ ತನ್ನ ಮಣ್ಣಿಗೆ ಒಗ್ಗುವುದೇ ಎಂಬ ಪ್ರಶ್ನೆ ಹೇಗೆ ಮೊದಲನೆಯದೋ, ಸೆಟ್ಟು ತನ್ನ ಕಣಿವೆಗೆ ಒಗ್ಗುವುದೇ ಎಂಬ ಪ್ರಶ್ನೆಯೂ ಹಾಗೆಯೇ ಮೊದಲನೆಯದು.

ವಿಮಾನದ ಮಾತಿನ ಪರವಾಗಿ ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ರಕ್ಷಣೆಗೆ ಬಂದ ಹೆಲಿಕಾಪ್ಟರು ಎಲ್ಲಿ ಇಳಿಯುತ್ತದೆಂಬುದು ತಿಳಿದರೆ ಗಾಯಾಳುಗಳನ್ನು ಅಲ್ಲಿಗೆ ಹೊತ್ತೊಯ್ಯಬಹುದಲ್ಲವೇ ಎಂಬುದು ಆ ವಾದ. ಕೇಳಲು ಹಿತವಾದ ಈ ವಾದವನ್ನು ಯಂತ್ರದ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ನಾಗರಿಕ ವಿಮಾನಗಳ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಏರ್‌ಬ್ಯಾಂಡಿನಲ್ಲಿ. ಅದು ಎ.ಎಂ. ವಿಧಾನದ್ದು. ಇಬ್ಬರು ಒಮ್ಮೆಗೇ ಮಾತಾಡಿದರೆ ಎಫ್.ಎಂ.ನಲ್ಲಿ ಬಲವಾದ ದನಿ ಬಲಹೀನ ದನಿಯನ್ನು ನುಂಗಿಬಿಡುತ್ತದೆ; ಎ.ಎಂ.ನಲ್ಲಿ ಎರಡನೆಯವನೂ ಇದ್ದಾನೆಂಬುದು ಸದ್ದಿನಿಂದಲೇ ಗೊತ್ತಾಗುತ್ತದೆ. ವಿಮಾನಯಾನ ಆ ಹಳೆಯ ವಿಧಾನವನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ. ವಾಕಿಟಾಕಿಗಳೋ ಎಫ್.ಎಂ. ಯಂತ್ರಗಳು. ಅಗ್ಗದ ಸೆಟ್ಟುಗಳಲ್ಲಿ ಹೆಸರಾದ ಬಾವೊಫೆಂಗ್ ಯುವಿ-5ಆರ್‌ನ ಮೂಲ ಮಾದರಿಯ ಎರಡು ಬ್ಯಾಂಡುಗಳು ಶುರುವಾಗುವುದೇ 136 ಮೆಗಾಹರ್ಟ್ಸ್‌ನಿಂದ, ಎ.ಎಂ. ಅದಕ್ಕೆ ತಿಳಿಯದು. ಯಾಸು ಎಫ್‌ಟಿ-60, ಕ್ವಾನ್‌ಶೆಂಗ್ ಯುವಿ-ಕೆ5ರಂಥವು ಏರ್‌ಬ್ಯಾಂಡನ್ನು ಎ.ಎಂ.ನಲ್ಲಿಯೇ ಗ್ರಹಿಸಬಲ್ಲವು. ಆದ್ದರಿಂದ ‘118ರಿಂದ’ ಎಂಬ ಅಂಕಿ ಕಂಡು ಹಿಗ್ಗುವವರು ಪಕ್ಕದಲ್ಲಿ ‘ಎ.ಎಂ.’ ಎಂಬ ಎರಡಕ್ಷರ ಇದೆಯೇ ಎಂದು ನೋಡಬೇಕು. ಅದಿಲ್ಲದಿದ್ದರೆ ಅಂಕಿ ಇದ್ದೂ ಇಲ್ಲದಂತೆ.

ಇದ್ದರೂ ಏನು? ಕಣಿವೆಯಲ್ಲಿ ಕೂತವನಿಗೆ ಮೇಲಿರುವ ಪೈಲಟ್ಟಿನ ದನಿ ಕೇಳುತ್ತದೆ. ಗುಡ್ಡದಾಚೆಯ ನಿಲ್ದಾಣದಿಂದ ಬರುವ ಉತ್ತರ ಕೇಳುವುದಿಲ್ಲ. ಕೈಗೆ ಸಿಗುವುದು ಅರ್ಧ ಸಂಭಾಷಣೆ, ಅದೂ ಇಂಗ್ಲಿಷಿನ ಸಂಕ್ಷಿಪ್ತ ಪರಿಭಾಷೆಯಲ್ಲಿ. ಸೇನೆಯ ಹೆಲಿಕಾಪ್ಟರುಗಳಿಗೆ ಬೇರೆ ಬ್ಯಾಂಡುಗಳೂ ಉಂಟು. ವಿಮಾನಗಳ ತುರ್ತು ಕಂಪನಾಂಕವಾದ 121.5ರಲ್ಲಿ ಮೊರೆಯಿಟ್ಟರೆ ಉಪಗ್ರಹ ಕೇಳಿಸಿಕೊಳ್ಳುತ್ತದೆಂಬ ನಂಬಿಕೆ ಇದ್ದರೆ ಅದನ್ನೂ ಬಿಡಬೇಕು. ಉಪಗ್ರಹಗಳು ಆ ಕಂಪನಾಂಕವನ್ನು ಗಮನಿಸುವುದನ್ನು 2009ರ ಫೆಬ್ರವರಿ 1ರಿಂದಲೇ ನಿಲ್ಲಿಸಿವೆ. ಮೇಲಾಗಿ ಕೇವಲ ‘ಗ್ರಹಿಸುವ’ ಸೆಟ್ಟಿನಿಂದ ಅಲ್ಲಿ ಮೊರೆಯಿಡುವುದು ಸಾಧ್ಯವೂ ಇಲ್ಲ.

ಇದರೊಳಗಿನ ವ್ಯಂಗ್ಯವನ್ನು ಗುಡ್ಡಗಾಡಿನವರು ಅರಿಯಬೇಕು. ಈ ಕಂಪನಾಂಕಗಳ ಅಲೆಗಳು ಬಹುಮಟ್ಟಿಗೆ ಕಣ್ಣೋಟದಂತೆ ನೇರ ಸಾಗುತ್ತವೆ. ಬಯಲಿನಲ್ಲಿ ನಿಂತವನಿಗೆ 3,000 ಮೀಟರ್ ಎತ್ತರದ ವಿಮಾನದ ಮಾತು 200 ಕಿಲೋಮೀಟರ್ ದೂರದಿಂದಲೂ ಕೇಳಬಲ್ಲದು. ಅದೇ ಸೆಟ್ಟಿಗೆ, ನಡುವೆ ಒಂದು ಗುಡ್ಡ ಅಡ್ಡ ಬಂದರೆ, ಎರಡು ಮೂರು ಕಿಲೋಮೀಟರ್ ಆಚೆಯ ನೆರೆಮನೆಯವರ ಕೂಗು ತಲುಪದೆ ಹೋಗಬಹುದು. ಆಕಾಶದ ಅಪರಿಚಿತನ ಮಾತು ಸ್ಪಷ್ಟ, ಪಕ್ಕದ ಕೇರಿಯ ಆರ್ತನಾದ ಶೂನ್ಯ! ಇಂಥ ಪೆಟ್ಟಿಗೆಯನ್ನು ಆಪತ್ಕಾಲದ ಬಂಧುವೆಂದು ಕರೆಯುವುದು ಹೇಗೆ?

ವಾಟಿನ ಲೆಕ್ಕವೂ ಇಲ್ಲಿ ಉಪಯೋಗಕ್ಕೆ ಬಾರದು. ಅರ್ಧ ವಾಟನ್ನು ಐದು ವಾಟಿಗೆ ಏರಿಸಿದರೂ ಗುಡ್ಡ ಕರಗುವುದಿಲ್ಲ. ಕೆಲಸಕ್ಕೆ ಬರುವುದು ಎತ್ತರ ಮತ್ತು ಆಂಟೆನಾ. 120 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಆಂಟೆನಾ ಸುಮಾರು 62 ಸೆಂಟಿಮೀಟರ್. 446ಕ್ಕೆ 17 ಸೆಂಟಿಮೀಟರ್ ಸಾಕು. ಒಂದೇ ಗಿಡ್ಡ ಕೋಲು ಎರಡಕ್ಕೂ ಸಮನಾಗಿ ಕಿವಿಗೊಡಲಾರದು. ಇನ್ನು ಮಳೆ ನೆಂದ ಕಾಡು. ನೀರು ತುಂಬಿದ ಎಲೆಗಳು ಹೆಚ್ಚಿನ ಕಂಪನಾಂಕದ ಅಲೆಗಳನ್ನು ಹೆಚ್ಚು ಹೀರುತ್ತವೆ. ಬೇಸಿಗೆಯಲ್ಲಿ ಪರೀಕ್ಷಿಸಿ ಮೆಚ್ಚಿದ ಸೆಟ್ಟು ಆಷಾಢದಲ್ಲಿ ಮಂಕಾದರೆ ಅಚ್ಚರಿಯಿಲ್ಲ.

ಇದಕ್ಕಿಂತ ಗಂಭೀರವಾದುದು ಕಾನೂನಿನ ಮಾತು. ಮಾರಾಟಗಾರ ಇದನ್ನು ಹೇಳುವುದಿಲ್ಲ. ವೈರ್‌ಲೆಸ್ ಉಪಕರಣವನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೇ ತಪ್ಪೆಂಬುದು 1933ರ ಕಾಯ್ದೆಯ ನಿಲುವು; 2023ರ ದೂರಸಂಪರ್ಕ ಕಾಯ್ದೆಯ ನಿಲುವೂ ಅದೇ. ಜನಸಾಮಾನ್ಯರ ಪಾಲಿಗೆ ತೆರೆದಿರುವ ಕಿಂಡಿಗಳು ಮುಖ್ಯವಾಗಿ ಎರಡು. ಒಂದು, 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್, 5 ವಾಟ್‌ವರೆಗೆ. ಇದಕ್ಕೆ 2005ರಲ್ಲಿ ವಿನಾಯಿತಿ ಸಿಕ್ಕಿತು. ಇನ್ನೊಂದು, 446.0ರಿಂದ 446.2 ಮೆಗಾಹರ್ಟ್ಸ್, ಅರ್ಧ ವಾಟ್, ಇದಕ್ಕೆ 2018ರಲ್ಲಿ. ವಿಮಾನದ ಮಾತು ಕೇಳಿಸುವ ಬಹುಬ್ಯಾಂಡ್ ಸೆಟ್ಟುಗಳು ಈ ಕಿಂಡಿಗಳಲ್ಲಿ ತೂರುವುದಿಲ್ಲ. ಅವು ಪ್ರಸಾರ ಮಾಡಬಲ್ಲ ವ್ಯಾಪ್ತಿ ದೊಡ್ಡದು. ಅವುಗಳಿಗೆ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ಪರವಾನಗಿ ಬೇಕು. ಹ್ಯಾಮ್‌ಗೂ ತನಗೆ ಸಲ್ಲದ ಸಂದೇಶ ಕಿವಿಗೆ ಬಿದ್ದರೆ ಅದನ್ನು ಇತರರಿಗೆ ತಿಳಿಸುವ ಸ್ವಾತಂತ್ರ್ಯವಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ವಾಕಿಟಾಕಿಗಳ ಅಕ್ರಮ ಮಾರಾಟ ಹೆಚ್ಚಿತೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು.

ನಗರದ ಶೋಕಿದಾರನಿಗೆ ಇದು ದಂಡ ಕಟ್ಟಿ ಮರೆಯುವ ವಿಷಯವಾಗಬಹುದು. ನಕ್ಸಲ್ ನಿಗ್ರಹದ ಹೆಸರಿನಲ್ಲಿ ವರ್ಷಗಟ್ಟಲೆ ಕೂಂಬಿಂಗ್ ಕಂಡ ಮಲೆನಾಡಿನ ಕಾಡಂಚಿನಲ್ಲಿ, ಪರವಾನಗಿ ಇಲ್ಲದ ವೈರ್‌ಲೆಸ್ ಸೆಟ್ಟಿನೊಡನೆ ಸಿಕ್ಕಿಬೀಳುವ ಬಡ ಯುವಕನಿಗೆ ಅದು ಅಷ್ಟು ಸಲೀಸಲ್ಲ. ವಿಮಾನದ ನಾಲ್ಕು ಮಾತು ಕೇಳುವ ಚಪಲಕ್ಕೆ ಆತ ತೆರುವ ಬೆಲೆ ದೊಡ್ಡದು.

ಹಾಗಾದರೆ ತಪ್ಪೆಲ್ಲ ಕೊಳ್ಳುವವನದೇ? ಖಂಡಿತ ಅಲ್ಲ. ಸಮುದ್ರದ ದೋಣಿಗೆ 156.8 ಮೆಗಾಹರ್ಟ್ಸ್‌ನ 16ನೇ ಚಾನೆಲ್ ಇದೆ. ಕರೆದರೆ ಸುತ್ತಲಿನ ಹಡಗುಗಳು ಕಿವಿಗೊಡುತ್ತವೆ. ವಿಮಾನಕ್ಕೆ 121.5 ಇದೆ. ಅರಣ್ಯ ಇಲಾಖೆಗೆ, ಪೊಲೀಸರಿಗೆ ಅವರವರ ಜಾಲಗಳಿವೆ. ಗುಡ್ಡದ ಬುಡದಲ್ಲಿ ಮಲಗುವ ಹಳ್ಳಿಗೆ ಅಂಥ ಒಂದು ತುರ್ತು ಚಾನೆಲ್ ಯಾವುದು? ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಆ ಸ್ವತ್ತಿನಲ್ಲಿ ಮಲೆನಾಡಿನ ಹಳ್ಳಿಗೆ ದಕ್ಕಿದ್ದು ಅರ್ಧ ವಾಟಿನ ಒಂದು ತುಣುಕು, 27 ಮೆಗಾಹರ್ಟ್ಸ್‌ನ ಒಂದು ಮೂಲೆ. ಕಾಡನ್ನು ಕಾಯುವವರು, ನದಿಯನ್ನು ಉಳಿಸುವವರು, ಗುಡ್ಡ ಬಿರುಕು ಬಿಟ್ಟದ್ದನ್ನು ಎಲ್ಲರಿಗಿಂತ ಮೊದಲು ಕಾಣುವವರು ಆಪತ್ತು ಬಂದಾಗ ಕೇವಲ ಕೇಳುಗರಾಗಿರಬೇಕೆಂಬ ವ್ಯವಸ್ಥೆ ಇದು. ವಿಮಾನದ ಮಾತು ಕೇಳಿಸುವ ಸೆಟ್ಟು ಆ ಕೇಳುಗತನಕ್ಕೇ ಹೊಳಪು ಬಳಿಯುತ್ತದೆ.

ಮಾಡಬೇಕಾದದ್ದು ಸ್ಪಷ್ಟ. ಇಂದೇ ಕೊಳ್ಳುವುದಿದ್ದರೆ 446ರ ವಿನಾಯಿತಿಯ ಸೆಟ್ಟುಗಳನ್ನೇ, ಊರಿನವರೆಲ್ಲ ಸೇರಿ ಒಂದೇ ಬಗೆಯವನ್ನು ಕೊಳ್ಳುವುದು ಲೇಸು. ನೀರು ತಡೆಯುವುದೇ, ಬ್ಯಾಟರಿ ಮುಗಿದರೆ ಪೇಟೆಯ ಸಾಮಾನ್ಯ ಸೆಲ್ಲು ಹಾಕಬಹುದೇ ಎಂಬುದನ್ನು ಮೊದಲು ವಿಚಾರಿಸಬೇಕು. ನೆತ್ತಿಯ ಮೇಲಿನ ಒಂದೆರಡು ಮನೆಗಳನ್ನು ಗುರುತಿಸಿ, ಒಂದು ಕಣಿವೆಯ ಮಾತನ್ನು ಇನ್ನೊಂದಕ್ಕೆ ದಾಟಿಸುವ ಹೊಣೆ ಅವರಿಗೆ ಒಪ್ಪಿಸಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ನಿಗದಿತ ಹೊತ್ತಿಗೆ ಮಾತಾಡಿ ನೋಡಬೇಕು. ಯಾವ ತಿರುವಿನಲ್ಲಿ ದನಿ ಸಾಯುತ್ತದೆಂಬುದು ಆಪತ್ತಿಗೆ ಮುಂಚೆಯೇ ತಿಳಿದಿರಬೇಕು.

ವಿದ್ಯಾರ್ಥಿಗಳ ಪಾಲಿಗೆ ಹ್ಯಾಮ್ ದಾರಿಯಿದೆ. ಹನ್ನೆರಡು ತುಂಬಿದವರು ಪರೀಕ್ಷೆಗೆ ಕೂರಬಹುದು. ಮೋರ್ಸ್ ಸಂಕೇತದ ಪರೀಕ್ಷೆಯಿಲ್ಲದ ದರ್ಜೆಯೂ ಇದೆ. 2001ರ ಭುಜ್ ಭೂಕಂಪದಲ್ಲಿ ಸಂಪರ್ಕ ಕಟ್ಟಿದವರಲ್ಲಿ ಹ್ಯಾಮ್‌ಗಳಿದ್ದರು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗ ಪೋರ್ಟ್‌ಬ್ಲೇರಿನಿಂದ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಒಬ್ಬರು. ಅಂಥ ಪರವಾನಗಿ ಪಡೆದವನ ಕೈಯಲ್ಲಿ ಏರ್‌ಬ್ಯಾಂಡ್ ಇರುವ ಸೆಟ್ಟು ಬಂದರೆ ಅಡ್ಡಿಯಿಲ್ಲ; ಆತ ಅದನ್ನು ಆರಿಸಿದ್ದು ಬೇರೆ ಗುಣಗಳಿಗಾಗಿ.

ಸರ್ಕಾರದ ಮುಂದಿಡುವ ಬೇಡಿಕೆಯೂ ಒಂದೇ ಸಾಲಿನದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲೆಗೊಂದು ಪ್ರಾಧಿಕಾರವಿದೆ. ಅದು ಕುಸಿತದ ಭೀತಿಯಿರುವ ಪ್ರತಿ ಗ್ರಾಮ ಪಂಚಾಯತಿಗೆ ಪರವಾನಗಿಯುಳ್ಳ ವೈರ್‌ಲೆಸ್ ಸೆಟ್ಟು, ಗುಡ್ಡದ ನೆತ್ತಿಯ ಮೇಲೊಂದು ಸೌರಚಾಲಿತ ಮರುಪ್ರಸಾರ ಕೇಂದ್ರ, ಹಗಲಿರುಳು ಕಿವಿಗೊಡುವ ಒಂದು ತುರ್ತು ಚಾನೆಲ್ ಒದಗಿಸಲಿ. ಗ್ರಾಮಸಭೆಗಳು ಈ ಠರಾವನ್ನು ಮುಂಗಾರಿಗೆ ಮೊದಲೇ ಬರೆದು ಕಳಿಸಲಿ. ಹೆಲಿಕಾಪ್ಟರಿನ ಮಾತು ಹಳ್ಳಿಗೆ ಕೇಳಿಸದಿದ್ದರೂ ನಡೆದೀತು. ಹಳ್ಳಿಯ ಮಾತು ಹೆಲಿಕಾಪ್ಟರನ್ನು ಕಳಿಸುವವರಿಗೆ ಕೇಳಿಸಲೇಬೇಕು.