ಊಟ ಯಾರ ಇಚ್ಛೆ?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ಕನ್ನಡದ ಹಳೆಯ ಗಾದೆ. ತೊಡುವ ಉಡುಗೆ ನಾಲ್ವರು ಮೆಚ್ಚುವಂತಿರಲಿ, ಉಣ್ಣುವ ಅನ್ನ ಉಣ್ಣುವವರ ಮನಸ್ಸಿಗೆ ಒಪ್ಪುವಂತಿರಲಿ ಎಂಬುದು ಅದರ ತಾತ್ಪರ್ಯ. ದಿನನಿತ್ಯದ ಊಟದಲ್ಲಿ ಈ ಮಾತನ್ನು ಮರೆತರೆ ಹೆಚ್ಚಿನ ನಷ್ಟವಿಲ್ಲ. ಆದರೆ ಬಾಳಿನಲ್ಲಿ ಒಮ್ಮೆ ಬರುವ ವಿಶೇಷ ದಿನದಂದು ಅದನ್ನು ಮರೆತರೆ, ಸಂತೋಷಕ್ಕೆಂದು ಮಾಡಿದ ಏರ್ಪಾಡೇ ಸಂಕಟಕ್ಕೆ ಕಾರಣವಾಗಬಹುದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಹಿಂದಿನ ತಲೆಮಾರಿನವರಲ್ಲಿ ಮದುವೆಯ ವಾರ್ಷಿಕೋತ್ಸವವನ್ನು ಆಚರಿಸುವ ಪದ್ಧತಿ ವಿರಳವಾಗಿತ್ತು. ಎಷ್ಟೋ ಜನರಿಗೆ ತಮ್ಮ ಮದುವೆಯ ತಾರೀಖೇ ತಿಳಿಯದು. ಕೆರೆ ಕೋಡಿ ಬಿದ್ದ ವರ್ಷ, ಹಿರಿಯ ಮೈದುನ ಪಟ್ಟಣ ಸೇರಿದ ವರ್ಷ ಎಂಬುದೇ ಅದರ ಗುರುತು. ಅವರಿಗೆ ವಿಶೇಷ ದಿನವೆಂದರೆ ಯುಗಾದಿ, ಗೌರಿ ಗಣೇಶ, ಊರಹಬ್ಬ. ಅಂದು ನೆಂಟರು ಮನೆಗೆ ಬರುತ್ತಿದ್ದರು. ಒಲೆಯ ಮೇಲೆ ಒಬ್ಬಟ್ಟು ಬೇಯುತ್ತಿತ್ತು. ಇಂದು ಮಕ್ಕಳು ಬೆಂಗಳೂರಿನಲ್ಲಿ ಉದ್ಯೋಗ ಹಿಡಿದಿದ್ದಾರೆ. ತಂದೆತಾಯಿಗಳ ಮದುವೆಗೆ ಐವತ್ತು ವರ್ಷ ತುಂಬಿದಾಗ ಅವರನ್ನು ನಗರಕ್ಕೆ ಕರೆದೊಯ್ದು, ಊರು ತೋರಿಸಿ, ಒಳ್ಳೆಯ ಹೋಟೆಲಿನಲ್ಲಿ ಊಟ ಮಾಡಿಸಬೇಕೆಂದು ಬಯಸುತ್ತಾರೆ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಮಾಲೂರಿನ ಮೂಲಕ 1864ರಿಂದಲೂ ರೈಲು ಓಡುತ್ತಿದೆ. ದಾರಿಯೇನೂ ದೂರವಲ್ಲ, ಮಕ್ಕಳ ಆಸೆಯೂ ತಪ್ಪಲ್ಲ. ಪ್ರಶ್ನೆ ಏಳುವುದು ಹೋಟೆಲನ್ನು ಆರಿಸುವಾಗ.

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ವೃದ್ಧ ದಂಪತಿಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಗಂಡನಿಗೆ ಮಾವಿನ ತೋಪಿನ ಆರೈಕೆಯಲ್ಲಿ ಕೂದಲು ನೆರೆತಿದೆ. ಹೆಂಡತಿ ಎರಡು ಹಸುಗಳನ್ನು ಕಟ್ಟಿಕೊಂಡು, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದವಳು. ನಗರದಲ್ಲಿ ನೆಲೆಸಿದ ಮಗ ಮೊಬೈಲಿನಲ್ಲಿ ಚಿತ್ರಗಳನ್ನು ನೋಡಿ, ಅಪರಿಚಿತರು ಕೊಟ್ಟ ನಕ್ಷತ್ರಗಳನ್ನು ಎಣಿಸಿ, ಎತ್ತರದ ಕಟ್ಟಡವೊಂದರ ಮೇಲಂತಸ್ತಿನ ದುಬಾರಿ ಹೋಟೆಲನ್ನು ಗೊತ್ತುಮಾಡುತ್ತಾನೆ. ಅಲ್ಲಿ ನಡುಹಗಲಿನಲ್ಲೂ ಮಬ್ಬು ಬೆಳಕು. ತಿಂಡಿಗಳ ಪಟ್ಟಿ ಇಂಗ್ಲಿಷಿನಲ್ಲಿದೆ. ತಾಯಿಗೆ ಆ ಅಕ್ಷರಗಳು ತಿಳಿಯವು. ಆದರೆ ಅವುಗಳ ಎದುರಿಗಿರುವ ಅಂಕಿಗಳು ತಿಳಿಯುತ್ತವೆ. ಒಂದು ಬಟ್ಟಲು ಸೂಪಿನ ಬೆಲೆ ಎಷ್ಟು ಲೀಟರು ಹಾಲಿಗೆ ಸಮ ಎಂಬ ಲೆಕ್ಕವನ್ನು ಆಕೆ ಮನಸ್ಸಿನಲ್ಲೇ ಮಾಡಿ ಮುಗಿಸುತ್ತಾಳೆ. ಅನಂತರ ‘ನನಗೆ ಹಸಿವಿಲ್ಲ ಕಣಪ್ಪ’ ಎನ್ನುತ್ತಾಳೆ. ಮಗ ಹಣ ತೆತ್ತು ಚಿತ್ರ ತೆಗೆದುಕೊಳ್ಳುತ್ತಾನೆ. ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದಾರೆ. ಉಂಡವರು ಕೆಲವರು ಮಾತ್ರ. ಅಂದಿನ ಊಟ ನೋಟವಾಯಿತು.

ಈ ತಪ್ಪನ್ನು ಕಂಡವರು ಇನ್ನೊಂದು ತಪ್ಪಿಗೆ ಬೀಳುವುದೂ ಉಂಟು. ‘ಹಳ್ಳಿಯವರಿಗೆ ಆ ವೈಭವವೆಲ್ಲ ಏಕೆ? ಅವರಿಗೆ ಮುದ್ದೆ, ಬಸ್ಸಾರು ಸಿಗುವ ಕಡೆ ಕರೆದೊಯ್ದರೆ ಸಾಕು’ ಎಂದು ಅವರು ತೀರ್ಮಾನಿಸುತ್ತಾರೆ. ಮೇಲುನೋಟಕ್ಕೆ ಇದು ವಿವೇಕದಂತೆ ಕಾಣುತ್ತದೆ. ಆದರೆ ಐವತ್ತು ವರ್ಷ ಮುದ್ದೆ ತೊಳಸಿದ ಕೈಗಳಿಗೆ ಆ ಒಂದು ದಿನವೂ ಮುದ್ದೆಯೇ ಬೇಕೆಂದು ಹೇಳಿದವರು ಯಾರು? ಬಿಳಿಯ ಬಟ್ಟೆ ಹಾಸಿದ ಮೇಜಿನ ಮುಂದೆ ಒಮ್ಮೆ ಕುಳಿತು ನೋಡಬೇಕು, ಹೆಸರು ಮಾತ್ರ ಕೇಳಿದ ತಿನಿಸನ್ನು ಒಮ್ಮೆ ರುಚಿ ನೋಡಬೇಕು ಎಂಬ ಕುತೂಹಲ ಮುದುಕಿಯಲ್ಲಿ ಇರಬಾರದೆಂಬ ನಿಯಮವಿಲ್ಲ. ವೈಭವವನ್ನು ಹೇರುವವನೂ ಸರಳತೆಯನ್ನು ಹೇರುವವನೂ ಒಂದೇ ತಪ್ಪನ್ನು ಮಾಡುತ್ತಾರೆ. ಯಾರ ದಿನವೋ ಅವರನ್ನು ಇಬ್ಬರೂ ಕೇಳುವುದಿಲ್ಲ.

ಕೇಳಬೇಕು ಎಂದು ಹೇಳುವುದು ಸುಲಭ. ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ‘ಏನಾದರೂ ಸರಿ, ನಿಮಗೆ ಆಗುವುದೇ ನನಗೂ ಆಗುತ್ತದೆ.’ ಇದನ್ನು ತೃಪ್ತಿಯೆಂದು ತಿಳಿಯುವುದು ಅವಸರದ ತೀರ್ಮಾನ. ನಮ್ಮ ಅನೇಕ ಮನೆಗಳಲ್ಲಿ ಗಂಡಸರು, ಮಕ್ಕಳು, ನೆಂಟರು ಉಂಡ ಮೇಲೆ ಹೆಂಗಸರು ಉಣ್ಣುವುದು ರೂಢಿಯಾಗಿತ್ತು. ಇಂದಿಗೂ ಕೆಲವೆಡೆ ಉಳಿದಿದೆ. ಸಾರು ಮಿಕ್ಕಿದ್ದರೆ ಸಾರು, ಇಲ್ಲದಿದ್ದರೆ ಮಜ್ಜಿಗೆ. ದೋಸೆ ಹುಯ್ಯುವ ದಿನ ಒಲೆಯ ಮುಂದೆ ನಿಂತವಳಿಗೆ ಬಿಸಿ ದೋಸೆ ಸಿಗುವುದಿಲ್ಲ; ಕೊನೆಯ ದೋಸೆ ಎದ್ದಾಗ ಅವಳಿಗೆ ತಿನ್ನುವ ಮನಸ್ಸೇ ಉಳಿದಿರುವುದಿಲ್ಲ. ಹೀಗೆ ಐವತ್ತು ವರ್ಷ ನಡೆದ ಮೇಲೆ ‘ನಿನಗೇನು ಬೇಕು?’ ಎಂಬ ಪ್ರಶ್ನೆ ಆಕೆಗೆ ಪರಭಾಷೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ‘ಏನಾದರೂ ಸರಿ’ ಎಂಬುದು ಬಯಕೆಯಿಲ್ಲದವಳ ಮಾತಲ್ಲ. ಬಯಕೆಯನ್ನು ಹೇಳಿ ಅಭ್ಯಾಸವಿಲ್ಲದವಳ ಮಾತು.

ಈ ದೃಷ್ಟಿಯಿಂದ ನೋಡಿದರೆ ಹೋಟೆಲು ಎಂಬ ಸಂಸ್ಥೆಯ ಬೆಲೆ ಬೇರೆಯಾಗಿಯೇ ತೋರುತ್ತದೆ. ಅಲ್ಲಿ ತಟ್ಟೆ ಎಲ್ಲರ ಮುಂದೆಯೂ ಬರುತ್ತದೆ. ಗಂಡನ ದೋಸೆ ಎಷ್ಟು ಬಿಸಿಯೋ ಹೆಂಡತಿಯ ದೋಸೆಯೂ ಅಷ್ಟೇ ಬಿಸಿ. ಹಳೆಯ ಉಡುಪಿ ಹೋಟೆಲುಗಳಲ್ಲಿ ಮಾಣಿ ಮೇಜಿನ ಬಳಿ ನಿಂತು, ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತು ಎಂದು ಒಂದೇ ಉಸಿರಿನಲ್ಲಿ ಹೇಳಿ, ‘ಏನು ಕೊಡಲಮ್ಮ?’ ಎಂದು ಕೇಳುತ್ತಿದ್ದನು. ಓದುಬರಹ ಬಾರದವರೂ ಕಿವಿಯಿಂದ ಕೇಳಿ ಬಾಯಿಂದ ಆರಿಸಬಹುದಾಗಿತ್ತು. ಎಷ್ಟೋ ಹೆಂಗಸರಿಗೆ ಬಾಳಿನಲ್ಲಿ ಆ ಪ್ರಶ್ನೆಯನ್ನು ಮೊದಲು ಕೇಳಿದವನು ಹೋಟೆಲಿನ ಮಾಣಿಯೇ ಇದ್ದಿರಬಹುದು.

ಆದರೆ ಹೋಟೆಲಿನ ಬಾಗಿಲು ಎಲ್ಲರಿಗೂ ಮೊದಲಿನಿಂದ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅನೇಕ ಹೋಟೆಲುಗಳಲ್ಲಿ ಜಾತಿಗೊಂದು ಜಾಗವಿತ್ತು. ಕೆಲವರಿಗೆ ಒಳಗೆ ಜಾಗವೇ ಇರಲಿಲ್ಲ. ಹೊರಗೆ ನಿಂತು, ಬೇರೆಯಾಗಿಟ್ಟ ಲೋಟದಲ್ಲಿ ಕುಡಿದು, ಅದನ್ನು ತಾವೇ ತೊಳೆದಿಡಬೇಕಾದ ಅವಮಾನವನ್ನು ದಲಿತರು ಅನುಭವಿಸಿದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳಿಗೆ ಜಾತಿ ಧರ್ಮಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಹೆಸರಿಸಿ ಹೇಳಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ದೇಶದ ಮೂಲ ಶಾಸನವೊಂದು ಊಟದ ಮನೆಯ ಬಾಗಿಲನ್ನು ಕುರಿತು ಮಾತಾಡಬೇಕಾಗಿ ಬಂದಿತೆಂದರೆ, ಆ ಬಾಗಿಲ ಬಳಿ ಎಷ್ಟು ಜನರ ಮಾನ ಕುಂದಿತ್ತು ಎಂಬುದನ್ನು ಊಹಿಸಬಹುದು. ಆದ್ದರಿಂದ ಹೋಟೆಲನ್ನು ಆರಿಸುವವರು ಮೊದಲು ನೋಡಬೇಕಾದುದು ದೀಪಗಳನ್ನಲ್ಲ. ಒಳಗೆ ಬಂದ ಸಾಮಾನ್ಯ ಮನುಷ್ಯನನ್ನು ಅಲ್ಲಿಯವರು ಹೇಗೆ ಕಾಣುತ್ತಾರೆ ಎಂಬುದನ್ನು. ಹಳೆಯ ಸೀರೆ, ಸವೆದ ಚಪ್ಪಲಿಗಳನ್ನು ಕಂಡು ಹುಬ್ಬೇರಿಸುವ ಸ್ಥಳ ಎಷ್ಟೇ ಹೆಸರಾಂತದ್ದಾದರೂ ವಿಶೇಷ ದಿನಕ್ಕೆ ತಕ್ಕುದಲ್ಲ.

ಎರಡನೆಯದಾಗಿ ನೋಡಬೇಕಾದುದು, ಕಷ್ಟಕಾಲದಲ್ಲಿ ಆ ಹೋಟೆಲು ಏನನ್ನು ಬಿಟ್ಟುಕೊಡಲಿಲ್ಲ ಎಂಬುದು. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಮೈಯ ಸೋದರರಿಂದ ಆರಂಭವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವುಂಟಾದಾಗ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ಅಲ್ಲಿ ನಡೆದು ರವೆ ಇಡ್ಲಿ ಹುಟ್ಟಿತೆಂದು ಆ ಹೋಟೆಲಿನವರು ಹೇಳುತ್ತಾರೆ. 1975ರಲ್ಲಿ ತುರ್ತುಪರಿಸ್ಥಿತಿ ಜಾರಿಯಾಗಿ ತಿಂಡಿಗಳ ಬೆಲೆಯನ್ನು ಸರ್ಕಾರ ತಗ್ಗಿಸಿದಾಗ, ಗುಣವನ್ನು ತಗ್ಗಿಸಲು ಒಪ್ಪದ ಮಾಲೀಕರು ಕೆಲಕಾಲ ನಷ್ಟವನ್ನು ತಾಳಿ ಕೊನೆಗೆ ಬಾಗಿಲನ್ನೇ ಮುಚ್ಚಿದರು. ಹೋಟೆಲು ಮತ್ತೆ ತೆರೆದದ್ದು 1984ರಲ್ಲಿ. ಕಳಪೆ ತುಪ್ಪ ಬಳಸಿ ಬಾಗಿಲು ತೆರೆದಿಡುವ ದಾರಿ ಅವರಿಗೂ ಇತ್ತು. ಅದನ್ನು ಅವರು ಹಿಡಿಯಲಿಲ್ಲ. ಅದೇ ರೀತಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆಸುಪಾಸಿನ ವಿದ್ಯಾರ್ಥಿಗಳಿಗಾಗಿ ತೆರೆದ ಚಿಕ್ಕ ಹೋಟೆಲು. ಅದರ ಮಸಾಲೆ ದೋಸೆಯನ್ನು ಅರಸಿಕೊಂಡು ಇಂದಿಗೂ ಜನ ಸಾಲುಗಟ್ಟುತ್ತಾರೆ.

ಕೋಲಾರದ ಕಡೆಯವರಿಗೆ ಈ ಪ್ರದೇಶಗಳು ಪರಸ್ಥಳಗಳೂ ಅಲ್ಲ. ಲಾಲ್‌ಬಾಗಿನ ತೋಟಕ್ಕೆ 1760ರಲ್ಲಿ ಅಡಿಪಾಯ ಹಾಕಿದ ಹೈದರಾಲಿ ಕೋಲಾರ ಜಿಲ್ಲೆಯ ಬೂದಿಕೋಟೆಯವನು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರೂ ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರೂ ಬಸವನಗುಡಿಯ ಆಸುಪಾಸಿನಲ್ಲಿಯೇ ಬಾಳಿದರು. ಗಾಂಧಿ ಬಜಾರಿನ ಬಳಿಯ ರಸ್ತೆಯೊಂದಕ್ಕೆ ಡಿ.ವಿ.ಜಿ. ಅವರ ಹೆಸರಿದೆ. ಬೆಳಗ್ಗೆ ಲಾಲ್‌ಬಾಗಿನಲ್ಲಿ ಅಡ್ಡಾಡಿ, ಮಧ್ಯಾಹ್ನ ಮಾವಳ್ಳಿಯಲ್ಲಿ ಉಂಡು, ಸಂಜೆ ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಮುಂದೆ ನಡೆದಾಡುವ ದಂಪತಿಗಳಿಗೆ, ತಮ್ಮ ನಾಡಿನವರು ಈ ನಗರವನ್ನು ಕಟ್ಟುವುದರಲ್ಲಿ ಪಾಲುಗೊಂಡರೆಂಬ ಹೆಮ್ಮೆಯೂ ದೊರೆಯುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಮುಳಬಾಗಿಲಿನ ದೋಸೆಗೆ ನಾಡೆಲ್ಲ ಹೆಸರಿದೆ. ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿರುವ ಆ ದೋಸೆಯನ್ನು ಬೆಂಗಳೂರಿನವರೇ ಹುಡುಕಿಕೊಂಡು ಹೋಗುತ್ತಾರೆ. ಆ ಹೆಸರಿನ ಹೋಟೆಲುಗಳು ಬೆಂಗಳೂರಿನಲ್ಲಿಯೂ ತಲೆಯೆತ್ತಿವೆ. ಹೀಗಿರುವಾಗ ಕೋಲಾರ ಜಿಲ್ಲೆಯವರು ದೋಸೆ ತಿನ್ನಲು ನಗರಕ್ಕೆ ಹೋಗಬೇಕೇ? ಈ ಆಕ್ಷೇಪದಲ್ಲಿ ಹುರುಳಿದೆ. ಪ್ರವಾಸವೆಂದ ಮೇಲೆ ಕಾಣದುದನ್ನು ಕಾಣಬೇಕು, ತಿನ್ನದುದನ್ನು ತಿನ್ನಬೇಕು. ಆದ್ದರಿಂದ ಎರಡು ಹೊತ್ತಿನ ಊಟದಲ್ಲಿ ಒಂದು ಹೊತ್ತು ಪರಿಚಿತವಾದುದು, ಇನ್ನೊಂದು ಹೊತ್ತು ಹೊಸದು ಎಂದು ಹಂಚಿಕೊಳ್ಳುವುದು ಲೇಸು. ಹೊಸ ತಿನಿಸು ನಾಲಿಗೆಗೆ ಒಗ್ಗದಿದ್ದರೂ ಆ ದಿನ ಯಾರೂ ಉಪವಾಸ ಮಲಗುವುದಿಲ್ಲ. ಒಗ್ಗಿದರಂತೂ ಊರಿಗೆ ಹೋಗಿ ಹೇಳಲು ಒಂದು ಮಾತಾಯಿತು.

ಇನ್ನು ಕೆಲವು ಚಿಕ್ಕ ಸಂಗತಿಗಳಿವೆ. ಅವುಗಳನ್ನು ಕಡೆಗಣಿಸಿದರೆ ದೊಡ್ಡ ಯೋಜನೆಗಳು ಕೆಡುತ್ತವೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದರ್ಶಿನಿಗಳಲ್ಲಿ ತಿಂಡಿ ಅಗ್ಗ, ಶುಚಿ, ಬೇಗ. ಆದರೆ ಅಲ್ಲಿ ನಿಂತು ತಿನ್ನಬೇಕು, ಮಂಡಿನೋವಿನವರಿಗೆ ಅದು ಶಿಕ್ಷೆ. ಹೆಸರಾಂತ ಹೋಟೆಲುಗಳ ಮುಂದೆ ಭಾನುವಾರ ಬಹಳ ಹೊತ್ತು ಕಾಯಬೇಕಾಗುತ್ತದೆ; ವಾರದ ನಡುವಿನ ದಿನವನ್ನು ಆರಿಸಿ, ಹೋಟೆಲಿನ ವಾರದ ರಜೆ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ. ಹತ್ತಬೇಕಾದ ಮೆಟ್ಟಿಲು, ಹಲ್ಲಿಗೆ ಆಗದ ಗಟ್ಟಿ ತಿನಿಸು, ಸಕ್ಕರೆ ಕಾಯಿಲೆಯವರ ಊಟದ ಹೊತ್ತು ಇವೆಲ್ಲ ಲೆಕ್ಕಕ್ಕೆ ಬರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದಂತೂ ಇದ್ದೇ ಇದೆ. ಮಗ ಸಾಲ ಮಾಡಿ ಬಡಿಸಿದ ಊಟ ತಾಯಿಯ ಗಂಟಲಿನಲ್ಲಿ ಇಳಿಯುವುದಿಲ್ಲ.

ಹಾಗಾದರೆ ‘ಏನಾದರೂ ಸರಿ’ ಎನ್ನುವವಳನ್ನು ಕೇಳುವ ಬಗೆ ಯಾವುದು? ಒಮ್ಮೆ ಕೇಳಿ ಸುಮ್ಮನಾಗುವುದಲ್ಲ. ಪ್ರವಾಸಕ್ಕೆ ವಾರವಿರುವಾಗಲೇ ಪಕ್ಕದಲ್ಲಿ ಕುಳಿತು, ಇಂಥಲ್ಲಿ ಇಂಥದ್ದು ದೊರೆಯುತ್ತದೆ ಎಂದು ಕಥೆಯಂತೆ ಹೇಳಬೇಕು. ಯಾವ ಮಾತಿಗೆ ಆಕೆಯ ಮುಖ ಅರಳಿತು, ಯಾವುದನ್ನು ಆಕೆ ಎರಡನೆಯ ಬಾರಿ ವಿಚಾರಿಸಿದಳು ಎಂಬುದನ್ನು ಗಮನಿಸಬೇಕು. ಹತ್ತು ಹೋಟೆಲುಗಳ ಹೆಸರು ಹೇಳಿ ದಿಗಿಲು ಹುಟ್ಟಿಸದೆ, ಎರಡು ಮೂರನ್ನು ಮುಂದಿಟ್ಟು ‘ನೀನೇ ಹೇಳಮ್ಮ’ ಎನ್ನಬೇಕು. ಆಕೆ ಆರಿಸಿದ್ದು ಮಕ್ಕಳಿಗೆ ಸಪ್ಪೆಯೆನಿಸಿದರೂ ಅದನ್ನು ಬದಲಿಸಬಾರದು. ಬದಲಿಸಿದರೆ ಕೇಳಿದ್ದೇ ಸುಳ್ಳಾಗುತ್ತದೆ.

ಇಷ್ಟೆಲ್ಲ ಆಗಿ, ಕತ್ತಲಾದ ಮೇಲೆ ಹೊಸಕೋಟೆ, ನರಸಾಪುರಗಳನ್ನು ದಾಟಿ ಬಸ್ಸು ಕೋಲಾರದತ್ತ ಸಾಗುವಾಗ ದಂಪತಿಗಳ ಮನಸ್ಸಿನಲ್ಲಿ ಉಳಿಯುವುದು ಯಾವುದು? ಪಲ್ಯದ ರುಚಿ ಕೆಲವು ದಿನಗಳಲ್ಲಿ ಮಾಸಿಹೋಗುತ್ತದೆ. ತನ್ನ ಮುಂದೆ ಬಿಸಿ ತಟ್ಟೆ ಬಂದಿತು, ತಾನು ಕುಳಿತೇ ಉಂಡೆ, ಅದನ್ನು ಆರಿಸಿದವಳು ತಾನು ಎಂಬುದು ಮಾಸುವುದಿಲ್ಲ. ಆದರೆ ಮರುದಿನ ಬೆಳಗ್ಗೆ ಅದೇ ಮನೆಯಲ್ಲಿ ಅದೇ ಒಲೆ ಉರಿಯುತ್ತದೆ. ಐವತ್ತು ವರ್ಷಗಳಿಗೊಮ್ಮೆ ನಗರದಲ್ಲಿ ಕೇಳಿದ ಪ್ರಶ್ನೆಯನ್ನು ಅಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುವವರು ಯಾರಾದರೂ ಇದ್ದರೆ, ಕೇಳಿದ ಮೇಲೆ ದೋಸೆಯ ಕಾವಲಿಯ ಮುಂದೆ ತಾವು ನಿಂತು ಆಕೆಯನ್ನು ಮಣೆಯ ಮೇಲೆ ಕೂರಿಸುವವರಿದ್ದರೆ, ಆ ಪ್ರವಾಸ ಸಾರ್ಥಕವಾಯಿತೆನ್ನಬಹುದು.