ಬಿಸಿನೀರಿನ ಲೆಕ್ಕ

ಮಲೆನಾಡಿನ ಗೃಹಸ್ಥರೊಬ್ಬರು ನಮಗೆ ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿರುತ್ತಾರೆ. ಆಷಾಢದ ಮಳೆ ಹಿಡಿಯಿತೆಂದರೆ ಅವರ ಊರಿನಲ್ಲಿ ಮರಗಳು ತಂತಿಯ ಮೇಲೆ ಉರುಳಿ, ಎರಡು ಮೂರು ದಿನ ವಿದ್ಯುತ್ತು ಇಲ್ಲದಿರುವುದು ವಾಡಿಕೆಯಂತೆ. ಈ ಸಲ ಮನೆಯಲ್ಲಿ ಬಾಣಂತಿಯಾದ ಮಗಳೂ ಹಸುಗೂಸೂ ಇರುವರು. ನೀರು ಕಾಯಿಸುವ ಗೀಸರನ್ನೂ ಕೋಣೆಯನ್ನು ಬೆಚ್ಚಗಿಡುವ ಹೀಟರನ್ನೂ ಇನ್ವರ್ಟರಿನ ಬ್ಯಾಟರಿಯಿಂದ ನಡೆಸಬಹುದೆ, ಅಥವಾ ಪೆಟ್ರೋಲಿನ ಜನರೇಟರೊಂದನ್ನು ಕೊಂಡು, ಮಳೆ ತಗುಲದಂತೆ ಹಿಂದಿನ ಜಗಲಿಯಲ್ಲಿ ಇಡಬಹುದೆ ಎಂಬುದು ಅವರ ಪ್ರಶ್ನೆ. ಅನೇಕರಿಗೆ ಉಪಯೋಗಪಡುವ ವಿಷಯವಾದುದರಿಂದ ಈ ತಿಂಗಳು ಇದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಮೊದಲು ಬ್ಯಾಟರಿಯ ಲೆಕ್ಕ. ಸಾಮಾನ್ಯವಾಗಿ ಮನೆಗಳಲ್ಲಿರುವ ಬ್ಯಾಟರಿ 12 ವೋಲ್ಟು, 150 ಆಂಪಿಯರ್-ಗಂಟೆಯದು. ಇವೆರಡನ್ನೂ ಗುಣಿಸಿದರೆ 1800 ವ್ಯಾಟ್-ಗಂಟೆ, ಎಂದರೆ 1.8 ಯೂನಿಟ್ಟು ಬರುತ್ತದೆ. ಆದರೆ ಬ್ಯಾಟರಿಯನ್ನು ತಳ ಕಾಣುವವರೆಗೆ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದು. ಇನ್ವರ್ಟರಿನಲ್ಲಿಯೂ ಸ್ವಲ್ಪ ನಷ್ಟವುಂಟು. ಆದಕಾರಣ ಒಂದು ಯೂನಿಟ್ಟು ಮಾತ್ರ ಕೈಗೆ ಸಿಕ್ಕುವುದೆಂದು ಎಣಿಸುವುದು ವಿವೇಕ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚೇ ಬೇಕು. ಎರಡನೆಯ ಬಕೆಟ್ಟು ಕಾಯುವ ಮುನ್ನವೇ ಬ್ಯಾಟರಿ ಬರಿದಾಯಿತು! ಅದೇ ಒಂದು ಯೂನಿಟ್ಟಿನಿಂದ 9 ವ್ಯಾಟಿನ ನಾಲ್ಕು ದೀಪಗಳೂ 75 ವ್ಯಾಟಿನ ಒಂದು ಪಂಖವೂ ಒಂಬತ್ತು ಗಂಟೆಗಳ ಕಾಲ ನಡೆಯುವುವು. ಅದೂ ಅಲ್ಲದೆ, ಗೀಸರಿಗೆ ಸಾಧಾರಣವಾಗಿ 2000 ವ್ಯಾಟು, ನೀರಿನಲ್ಲಿ ಇಳಿಬಿಡುವ ಕಾಯಿಲಿಗೆ 1500 ವ್ಯಾಟು ಬೇಕು, 900 ವಿ.ಎ. ಇನ್ವರ್ಟರು ಇವುಗಳ ಭಾರವನ್ನು ಹೊರಲಾರದೆ ನಿಂತೇ ಹೋಗುವುದು.

ಇದರಲ್ಲಿ ಹೀಟರಿನ ದೋಷವೇನೂ ಇಲ್ಲ. ತಂತಿಯಲ್ಲಿ ಪ್ರವಾಹ ಹರಿದಾಗ ಎಷ್ಟು ಉಷ್ಣ ಹುಟ್ಟುವುದೆಂಬ ನಿಯಮವನ್ನು ಜೂಲ್ ಎಂಬ ಆಂಗ್ಲ ವಿಜ್ಞಾನಿ 1841ರಲ್ಲಿಯೇ ಪ್ರಕಟಿಸಿದನು. ಹೀಟರು ತನಗೆ ಕೊಟ್ಟ ವಿದ್ಯುತ್ತನ್ನೆಲ್ಲ ಉಷ್ಣವಾಗಿಯೇ ಹಿಂದಿರುಗಿಸುತ್ತದೆ. ನೀರಿಗೆ ಬೇಕಾದ ಉಷ್ಣವೇ ಅಷ್ಟು ದೊಡ್ಡದು.

ಇನ್ನು ಜನರೇಟರು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ಟುಗಳಷ್ಟು ಶಕ್ತಿ ಅಡಗಿದೆ. ಸಣ್ಣ ಜನರೇಟರು ಅದರಲ್ಲಿ ಹೆಚ್ಚುಕಡಮೆ ಐದನೆಯ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿ ಕೊಟ್ಟು, ಉಳಿದುದನ್ನು ಹೊಗೆಯಲ್ಲಿಯೂ ಯಂತ್ರದ ಕಾವಿನಲ್ಲಿಯೂ ಕಳೆಯುವುದು. ಘಟ್ಟಕುಟೀಪ್ರಭಾತ ನ್ಯಾಯವೆಂದು ಪಂಡಿತರು ಹೇಳುವುದುಂಟು: ಸುಂಕ ತಪ್ಪಿಸಿಕೊಳ್ಳಲು ರಾತ್ರಿಯೆಲ್ಲ ಅಡ್ಡದಾರಿ ಹಿಡಿದು ನಡೆದ ವರ್ತಕನಿಗೆ ಬೆಳಗಾದಾಗ ಸುಂಕದ ಕಟ್ಟೆಯೇ ಎದುರಾಯಿತಂತೆ. ಬೆಂಕಿಯಿಂದ ಚಲನೆ, ಚಲನೆಯಿಂದ ವಿದ್ಯುತ್ತು, ವಿದ್ಯುತ್ತಿನಿಂದ ಮತ್ತೆ ಬಿಸಿ ಎಂದು ಸುತ್ತಿ ಬರುವವರ ಗತಿಯೂ ಹಾಗೆಯೇ. ಅಡಿಗೆಯ ಅನಿಲದ ಒಲೆಯಲ್ಲಾದರೆ ಅರ್ಧಕ್ಕಿಂತ ಹೆಚ್ಚಿನ ಶಾಖ ನೇರವಾಗಿ ಪಾತ್ರೆಗೇ ಸೇರುತ್ತದೆ.

ಇದುವರೆಗೆ ಹೇಳಿದ್ದು ಹಣದ ನಷ್ಟ. ಜಗಲಿಯಲ್ಲಿ ಜನರೇಟರು ಇಡುವುದಾದರೋ ಪ್ರಾಣದ ಮಾತು. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕು, ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಲದಿಂದ ರಕ್ತಕ್ಕೆ ಅಂಟಿಕೊಳ್ಳುವುದು. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಇವು ಅದರ ಲಕ್ಷಣಗಳು. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಸಾಯಬಹುದು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಹಿಮದ ಬಿರುಗಾಳಿಯಿಂದ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ವಿದ್ಯುತ್ತು ನಿಂತಾಗ, ಹೇಗಾದರೂ ಮನೆಯನ್ನು ಬೆಚ್ಚಗಿಡಲು ಯತ್ನಿಸಿದ ಹಲವರು ಈ ಅನಿಲದಿಂದಲೇ ಮಡಿದರು.

ಆದ್ದರಿಂದ ಜನರೇಟರು ಅವಶ್ಯವೇ ಆದಲ್ಲಿ, ಮನೆಯಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿ, ಸುತ್ತಲೂ ತೆರೆದಿರುವ ಚಪ್ಪರದ ಕೆಳಗೆ, ಹೊಗೆ ಕಿಟಕಿಯತ್ತ ಬಾರದಂತೆ ಇಡತಕ್ಕದ್ದು. ಕಿಟಕಿ ತೆರೆದರೆ ಸಾಕೆಂದು ಒಳಗೆ ಇಡಕೂಡದು. ಗೋಡೆಯ ಪ್ಲಗ್ಗಿಗೆ ಅದರ ತಂತಿಯನ್ನು ಚುಚ್ಚಿ ಮನೆಗೆಲ್ಲ ವಿದ್ಯುತ್ತು ಹಾಯಿಸುವುದಂತೂ ಘೋರವಾದ ಅವಿವೇಕ. ಆ ವಿದ್ಯುತ್ತು ಬೀದಿಯ ತಂತಿಗೆ ಹರಿದು, ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್ನಿನ ಪ್ರಾಣವನ್ನೇ ತೆಗೆಯಬಹುದು. ಬಲ್ಲವರಿಂದ ಚೇಂಜ್‌ಓವರ್ ಸ್ವಿಚ್ಚು ಹಾಕಿಸತಕ್ಕದ್ದು.

ಇನ್ನೊಂದು ಮಾತನ್ನು ಮನೆಯ ಹಿರಿಯ ಹೆಂಗಸರಲ್ಲಿ ವಿನಯದಿಂದ ಅರಿಕೆಮಾಡುತ್ತೇವೆ. ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆಯನ್ನು ಇಡುವ ಪದ್ಧತಿಯುಂಟಷ್ಟೆ. ಆ ಕೆಂಡದಿಂದಲೂ ಇದೇ ಅನಿಲ ಹೊರಡುತ್ತದೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರು ಉರಿಸುವುದೂ ಅಷ್ಟೇ ಅಪಾಯಕರ.

ಹಾಗಾದರೆ ಮಾಡತಕ್ಕದ್ದೇನು? ಬ್ಯಾಟರಿಯನ್ನು ದೀಪಕ್ಕೂ ದೂರವಾಣಿಗೂ ಮೀಸಲಿಡಿರಿ. ವಿದ್ಯುತ್ತು ಇರುವಾಗಲೇ ಗೀಸರನ್ನು ತುಂಬ ಕಾಯಿಸಿಡಿರಿ. ಅದರ ಹೊದಿಕೆಯೊಳಗೆ ನೀರು ಹಲವು ಗಂಟೆಗಳ ಕಾಲ ಬಿಸಿಯಾಗಿರುವುದು. ವಿದ್ಯುತ್ತನ್ನು ಕೂಡಿಡುವುದಕ್ಕಿಂತ ಬಿಸಿನೀರನ್ನು ಕೂಡಿಡುವುದು ಸುಲಭ. ಅದು ತೀರಿದ ಮೇಲೆ ಬಚ್ಚಲ ಹಂಡೆಗೆ ಸೌದೆಯ ಉರಿ ಹಾಕಿರಿ; ಹೊಗೆ ಹೊರಹೋಗಲು ದಾರಿಯಿರಲಿ. ಕೂಸಿನ ಚಳಿಗಾದರೋ ತಾಯಿಯ ಮೈಗೆ ಮೈ ಸೋಕುವಂತೆ ಮಲಗಿಸಿಕೊಂಡು, ಮುಖವನ್ನು ಮುಚ್ಚದೆ, ಮೇಲೆ ಹೊದಿಸಿದರೆ ಅದಕ್ಕಿಂತ ಮಿಗಿಲಾದ ಕಾವು ಬೇರೆಯಿಲ್ಲ. ಅದಕ್ಕೆ ಬ್ಯಾಟರಿಯೂ ಬೇಡ, ಪೆಟ್ರೋಲೂ ಬೇಡ.